ಏಳರ ಕಾಲಿನ ಕೆಂಪು ಗೆರೆ

ಕ್ರೇನಿನ ಪಟ್ಟಿ ಸಡಿಲವಾಗಿ ಆ ಒಂದು ಪಿನ್ನು ಉಗ್ರಾಣದ ನೆಲಕ್ಕೆ ಬೀಳದೆ ಇದ್ದಿದ್ದರೆ, ದೊಡ್ಡಪ್ಪ ಇನ್ನು ಮೂರು ವಾರಕ್ಕೆ ನಾಲ್ಕು ಜನರ ಭಾಷಣ ಕೇಳಿಸಿಕೊಂಡು, ಮರದ ಪೆಟ್ಟಿಗೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ನೆಮ್ಮದಿಯಾಗಿ ನಿವೃತ್ತರಾಗುತ್ತಿದ್ದರು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಮುಂದೆ ಎಂದಾದರೂ ಗೊತ್ತಾಗುವ ದಿನ ಬಂದಿದ್ದರೆ ಅದು ಬಹಳ ಕೆಟ್ಟ ದಿನವಾಗಿರುತ್ತಿತ್ತು, ಆ ಮಾತು ಬೇರೆ.

ಅದು ಅಣು ವಿದ್ಯುತ್ ಸ್ಥಾವರ ಕಟ್ಟುತ್ತಿದ್ದ ಜಾಗ. ಕಟ್ಟುತ್ತಿದ್ದ ಅಂದರೆ ಹನ್ನೊಂದು ವರ್ಷದಿಂದ ಕಟ್ಟುತ್ತಲೇ ಇದ್ದರು. ಇಂಥ ಸ್ಥಾವರದ ಹೊಟ್ಟೆ ಮಿತಿಮೀರಿ ಬಿಸಿಯಾದರೆ ಒಳಗೆ ತಣ್ಣೀರು ನುಗ್ಗಿಸುವುದಕ್ಕೆ ಒಂದು ದಪ್ಪ ಕೊಳವೆ ಇರುತ್ತದೆ. ಎಂದೂ ಬೇಕಾಗಬಾರದು, ಬೇಕಾದ ದಿನ ಮಾತ್ರ ಕೈ ಕೊಡಬಾರದು, ಅಂಥ ಕೊಳವೆ. ನೆಲ ನಡುಗಿದರೂ ಅದು ಗೋಡೆಯಿಂದ ಕಿತ್ತು ಬರದ ಹಾಗೆ ಹಿಡಿದುಕೊಳ್ಳುವುದಕ್ಕೆ ತೊಂಬತ್ತಾರು ಉಕ್ಕಿನ ಪಿನ್ನುಗಳು. ಒಂದೊಂದೂ ಮುಂಗೈ ದಪ್ಪ, ಮೂವತ್ತು ಕಿಲೋ ತೂಕ. ಅರವತ್ತು ಆಗಲೇ ಗೋಡೆ ಸೇರಿದ್ದವು, ಮೂವತ್ತಾರು ಉಗ್ರಾಣದಲ್ಲಿ ಸರದಿಗೆ ಕಾಯುತ್ತಿದ್ದವು. ಬಿದ್ದದ್ದು ಆ ಮೂವತ್ತಾರರಲ್ಲಿ ಒಂದು.

ಕೆಳಗೆ ಬಿದ್ದ ಸಾಮಾನನ್ನು ಮತ್ತೆ ಪರೀಕ್ಷೆ ಮಾಡದೆ ಎತ್ತಿಡಬಾರದು ಎಂಬುದು ಅಲ್ಲಿಯ ನಿಯಮ. ಪರೀಕ್ಷೆ ಮಾಡುವುದಕ್ಕೆ ಗುಬ್ಬಿಗೆ ಹೇಳಿಕಳಿಸಿದರು.

ಗುಬ್ಬಿ ಅಂದರೆ ಮನೆಯಲ್ಲಿ ಗುಬ್ಬಿ. ಕೆಲಸದ ಜಾಗದಲ್ಲಿ ಅವಳು ನಲವತ್ತಮೂರು. ಸಾಮಾನು ತಪಾಸಣೆ ಮಾಡುವ ಪ್ರತಿಯೊಬ್ಬರಿಗೂ ಅಲ್ಲಿ ಒಂದೊಂದು ಉಕ್ಕಿನ ಅಚ್ಚು ಕೊಡುತ್ತಿದ್ದರು. ಬೆರಳುದ್ದದ ತುಂಡು, ತುದಿಯಲ್ಲಿ ಅವರವರ ಅಂಕಿ. ಸಾಮಾನು ಸರಿಯಾಗಿದೆ ಎಂದು ಮನಸ್ಸು ಒಪ್ಪಿದ ಮೇಲೆ ಅಚ್ಚನ್ನು ಅದರ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಪೆಟ್ಟು. ಕಾಗದ ಹರಿದುಹೋಗುತ್ತದೆ, ಶಾಯಿ ಅಳಿಸಿಹೋಗುತ್ತದೆ, ಉಕ್ಕಿನ ಮೇಲೆ ಬಿದ್ದ ಅಂಕಿ ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ ಜನ ಒಬ್ಬರನ್ನೊಬ್ಬರು ಅಂಕಿ ಹಿಡಿದೇ ಕರೆಯುತ್ತಿದ್ದರು. ಇಪ್ಪತ್ತೊಂದಕ್ಕೆ ಜ್ವರವಂತೆ, ಒಂಬತ್ತು ಊಟಕ್ಕೆ ಹೋಗಿದ್ದಾರೆ, ಹೀಗೆ. ಹೊಸಬರು ಮೊದಲ ವಾರ ನಗುತ್ತಿದ್ದರು, ಎರಡನೇ ವಾರ ಅವರೂ ಹಾಗೇ ಕರೆಯುತ್ತಿದ್ದರು.

ದೊಡ್ಡಪ್ಪನ ಅಂಕಿ ಹದಿನೇಳು. ಅವರ ಅಪ್ಪ ಒಂದು ಬಾಯ್ಲರ್ ಕಾರ್ಖಾನೆಯಲ್ಲಿ ಇದೇ ಕೆಲಸ ಮಾಡಿದವರು, ಅವರದೂ ಹದಿನೇಳು. ಇಲ್ಲಿ ಸೇರಿದ ದಿನ ದೊಡ್ಡಪ್ಪ ಕೇಳಿ ಅದೇ ಅಂಕಿ ಹಾಕಿಸಿಕೊಂಡಿದ್ದರು. ಆ ಅಂಕಿಗೆ ಎಂಥ ಹೆಸರಿತ್ತೆಂದರೆ, ಹದಿನೇಳು ಬಿದ್ದಿರುವ ಸಾಮಾನನ್ನು ಫಿಟ್ಟರುಗಳು ತಿರುಗಿಸಿಯೂ ನೋಡುತ್ತಿರಲಿಲ್ಲ. ‘ಹದಿನೇಳು ಇದೆಯಾ, ಹಾಗಾದ್ರೆ ಏರಿಸು’ ಎಂದುಬಿಡುತ್ತಿದ್ದರು. ನಂಬಿಕೆ ಎಂಬುದು ಎಷ್ಟು ಒಳ್ಳೆಯದೋ ಅಷ್ಟೇ ಸೋಮಾರಿ, ಆ ಮಾತನ್ನು ಯಾರೂ ಯೋಚಿಸಿರಲಿಲ್ಲ.

ಎಂಟನೇ ವಯಸ್ಸಿಗೆ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಗುಬ್ಬಿಯನ್ನು ಮನೆಗೆ ಕರೆತಂದು ಸಾಕಿದವರು ಈ ದೊಡ್ಡಪ್ಪ, ದೊಡ್ಡಮ್ಮ. ಅವರಿಗೆ ಬೇರೆ ಮಕ್ಕಳಿಲ್ಲ. ಓದು ಮುಗಿಸಿದ ಮೇಲೆ ಅವಳಿಗೆ ಈ ಕೆಲಸ ಕಲಿಸಿದವರೂ ಅವರೇ. ಮೊದಲ ದಿನ ಒಂದು ಹಳೇ ತಗಡಿನ ಮೇಲೆ ಅಚ್ಚನ್ನು ತಾವೇ ಹಿಡಿದು ‘ಹೊಡಿ’ ಅಂದರು. ಅವಳು ಹೆದರಿ ಕಣ್ಣು ಮುಚ್ಚಿಕೊಂಡು ಹೊಡೆದಳು. ಪೆಟ್ಟು ಬಿದ್ದದ್ದು ದೊಡ್ಡಪ್ಪನ ಹೆಬ್ಬೆರಳಿಗೆ. ಆ ಉಗುರು ಅಂದಿನಿಂದ ಎರಡು ಸೀಳಾಗಿಯೇ ಬೆಳೆಯುತ್ತದೆ. ‘ಕೆಲಸ ಕಲಿಯೋಕೆ ಹೋಗಿ ಕಲಿಸೋರ ಬೆರಳೇ ಜಜ್ಜಿ ಬಂದ್ಲು’ ಎಂದು ದೊಡ್ಡಮ್ಮ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ದೊಡ್ಡಪ್ಪ ಮಾತ್ರ ಅಂದು ಬೆರಳನ್ನು ನೀರಿನಲ್ಲಿ ಅದ್ದಿಕೊಂಡು ಹೇಳಿದ್ದು ಒಂದೇ ಮಾತು. “ಕಣ್ಣು ಮುಚ್ಚಬೇಡ ಕಣೇ. ನಮ್ಮ ಕೆಲಸ ಇರೋದೇ ನೋಡೋದು.”

ಇರಲಿ, ಪಿನ್ನಿನ ವಿಷಯಕ್ಕೆ ಬರೋಣ.

ಗುಬ್ಬಿ ಬಿದ್ದ ಪಿನ್ನನ್ನು ಮೇಜಿನ ಮೇಲೆ ಇಡಿಸಿ, ಒರೆಸಿ, ಕೆಂಪು ದ್ರಾವಣ ಬಳಿದಳು. ಸ್ವಲ್ಪ ಹೊತ್ತು ಬಿಟ್ಟು ಅದನ್ನು ಚೆನ್ನಾಗಿ ಒರೆಸಿ ತೆಗೆದು ಮೇಲೆ ಬಿಳಿ ಪುಡಿ ಸಿಂಪಡಿಸಿದಳು. ಕಣ್ಣಿಗೆ ಕಾಣದ ಬಿರುಕೇನಾದರೂ ಇದ್ದರೆ ಅದರೊಳಗೆ ಅಡಗಿ ಕೂತ ಕೆಂಪು ಬಿಳಿಯ ಮೇಲೆ ಜಿನುಗಿ ಬರುತ್ತದೆ. ನೆಲಕ್ಕೆ ತಾಗಿದ ತುದಿಯಲ್ಲಿ ಏನೂ ಬರಲಿಲ್ಲ. ಸದ್ಯ, ಎಂದುಕೊಂಡು ಒರೆಸುವ ಬಟ್ಟೆಗೆ ಕೈ ಹಾಕಿದವಳು ಹಾಗೇ ನಿಂತಳು. ಪಿನ್ನಿನ ಕುತ್ತಿಗೆಯಲ್ಲಿ, ಅಂದರೆ ತಲೆಯ ಕೆಳಗೆ ಅದು ಸಣ್ಣಗಾಗುವ ಕಡೆ, ಕೂದಲೆಳೆಯಷ್ಟು ಕೆಂಪು ಗೆರೆ ಮೆಲ್ಲಗೆ ಮೂಡುತ್ತಿತ್ತು.

ಬಿರುಕು ನೋಡಿದಾಗ ಏನು ಕೇಳಬೇಕೆಂದು ದೊಡ್ಡಪ್ಪ ಅವಳ ತಲೆಗೆ ತುಂಬಿದ್ದರು. ಎಲ್ಲಿವರೆಗೆ ಹೋಗಿದೆ ಅಂತ ಯಾರು ಬೇಕಾದರೂ ಹೇಳ್ತಾರೆ, ಎಲ್ಲಿಂದ ಹೊರಟಿದೆ ಅದನ್ನ ಹೇಳು. ಗುಬ್ಬಿ ಭೂತಗನ್ನಡಿ ಹಿಡಿದು ಗೆರೆಯ ಹಿಂದೆ ಹಿಂದೆ ಹೋದಳು. ಗೆರೆ ಒಂದು ಅಂಕಿಯ ಬುಡಕ್ಕೆ ಹೋಗಿ ನಿಂತಿತು. 17. ಏಳರ ಕಾಲಿನ ತುದಿಯಿಂದಲೇ ಬಿರುಕು ಹೊರಟಿತ್ತು.

ಅವಳು ಭೂತಗನ್ನಡಿ ಕೆಳಗಿಟ್ಟು, ಮತ್ತೆ ಎತ್ತಿ ನೋಡಿದಳು.

ಪಿನ್ನಿನ ಮೇಲೆ ಅಂಕಿ ಹೊಡೆಯಬೇಕಾದದ್ದು ತಲೆಯ ಮೇಲೆ, ಭಾರ ಬೀಳದ ಚಪ್ಪಟೆ ಜಾಗದಲ್ಲಿ. ಅದೂ ಚುಕ್ಕಿ ಅಚ್ಚಿನಿಂದ. ಚುಕ್ಕಿ ಅಚ್ಚಿನ ಮೊನೆ ಮೊಂಡಾಗಿರುತ್ತದೆ, ಉಕ್ಕಿಗೆ ಗಾಯವಾಗುವುದಿಲ್ಲ. ಇಲ್ಲಿ ಅಂಕಿ ಬಿದ್ದಿದ್ದು ಕುತ್ತಿಗೆಯ ಮೇಲೆ, ಎಲ್ಲ ಭಾರ ಬಂದು ಕೂರುವ ಕಡೆ, ಚೂಪು ಅಚ್ಚಿನಿಂದ ಉಳಿಯಲ್ಲಿ ಕೊಚ್ಚಿದ ಹಾಗೆ. ಗಟ್ಟಿ ಉಕ್ಕು, ಚೂಪು ಪೆಟ್ಟು, ಮೇಲೆ ಎಂಟು ತಿಂಗಳು ತೇವದ ಗಾಳಿ. ಚೆನ್ನಾಗಿದ್ದ ಪಿನ್ನನ್ನು ಚೆನ್ನಾಗಿದೆ ಎಂದು ಹೇಳಿದ ಪೆಟ್ಟೇ ಕೆಡಿಸಿತ್ತು.

ಅವಳು ಇನ್ನೂ ಒಂಬತ್ತು ಪಿನ್ನು ತರಿಸಿದಳು. ಎಲ್ಲದರ ಕುತ್ತಿಗೆಯಲ್ಲೂ ಅದೇ ಹದಿನೇಳು, ಅದರಲ್ಲಿ ನಾಲ್ಕರಲ್ಲಿ ಕೆಂಪು ಗೆರೆ. ಆ ಅಚ್ಚು ಅವಳಿಗೆ ಗೊತ್ತಿರುವ ಅಚ್ಚೇ. ದೊಡ್ಡಪ್ಪನ ಮೇಜಿನ ಖಾನೆಯಲ್ಲಿ ಬಟ್ಟೆ ಸುತ್ತಿಟ್ಟಿರುತ್ತಿದ್ದ, ಅಜ್ಜನ ಕಾಲದ ಅಚ್ಚು. ಚಿಕ್ಕವಳಿದ್ದಾಗ ಅದನ್ನು ಮಣ್ಣಿನ ಮೇಲೆ ಒತ್ತಿ ಒತ್ತಿ ಆಡಿದ್ದಳು. ಅದರ ಏಳರ ಕಾಲು ಸ್ವಲ್ಪ ಸೊಟ್ಟ.

ಮಧ್ಯಾಹ್ನ ಅವಳು ಗುಣಮಟ್ಟದ ಮ್ಯಾನೇಜರ ಕೋಣೆಗೆ ಹೋದಳು. ಅವರಿಗೆ ಬೆನ್ನ ಹಿಂದೆ ‘ಆಯ್ತಪ್ಪ’ ಎಂದು ಹೆಸರು, ಏಕೆಂದರೆ ಯಾರು ಏನು ಹೇಳಿದರೂ ಅವರ ಬಾಯಲ್ಲಿ ಬರುತ್ತಿದ್ದದ್ದು ಅದೊಂದೇ ಮಾತು. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಗುಬ್ಬಿಯ ಕೆಲಸ ಸುಲಭವಾಗುತ್ತಿತ್ತು.

“ಆಯ್ತಪ್ಪ,” ಎಂದರು ಅವರು, ಎಲ್ಲ ಕೇಳಿಸಿಕೊಂಡು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು. “ನನಗೂ ಕೆಲಸ ಕಲಿಸಿದೋರು ಅವರೇ, ಗೊತ್ತಲ್ಲ ನಿನಗೆ.”

“ಗೊತ್ತು ಸರ್.”

“ಪಿನ್ನು ಎಲ್ಲ ತೆಗೆಸೋಣ. ಗೋಡೆಗೆ ಹಾಕಿರೋ ಅರವತ್ತೂ ತೆಗೆಸೋಣ. ಅದರಲ್ಲಿ ಎರಡು ಮಾತಿಲ್ಲ. ಹೊಸದು ತರಿಸೋಣ. ಆದರೆ ವರದಿಯಲ್ಲಿ ಕಾರಣ ಅಂತ ಒಂದು ಕಾಲಂ ಇದೆಯಲ್ಲ.” ಅವರು ಕನ್ನಡಕ ಎತ್ತಿಕೊಂಡು ಮತ್ತೆ ಇಟ್ಟರು. “ಅಲ್ಲಿ ತಯಾರಿಕೆಯ ದೋಷ ಅಂತ ಬರಿ. ಅಷ್ಟು ದೂರದ ಕಾರ್ಖಾನೆ, ಅವರು ಹೊಟ್ಟೆಗೆ ಹಾಕ್ಕೊಳ್ತಾರೆ. ನಲವತ್ತು ವರ್ಷ ದುಡಿದ ಮನುಷ್ಯ, ಇನ್ನು ಮೂರು ವಾರ ಉಳಿದಿದೆ. ಕೆಲಸ ಸರಿಯಾಗೇ ಆಗುತ್ತೆ, ಮರ್ಯಾದೆನೂ ಉಳಿಯುತ್ತೆ. ಯಾರಿಗೂ ತೊಂದರೆ ಇಲ್ಲವಲ್ಲಮ್ಮ.”

ಯಾರಿಗೂ ತೊಂದರೆ ಇಲ್ಲ. ಗುಬ್ಬಿಗೆ ಅದು ಸರಿಯೆನ್ನಿಸಿತು. ಸರಿಯೆನ್ನಿಸಬೇಕೆಂದು ಅವಳ ಮನಸ್ಸು ಹಟ ಹಿಡಿದಿತ್ತು ಎಂದರೂ ತಪ್ಪಲ್ಲ.

ಏಕೆಂದರೆ ಅಲ್ಲಿಯ ಪದ್ಧತಿ ಅವಳಿಗೆ ಗೊತ್ತು. ನಿವೃತ್ತರಾದವರ ಅಚ್ಚನ್ನು ಮರದ ಪೆಟ್ಟಿಗೆಯಲ್ಲಿ ನೀಲಿ ಬಟ್ಟೆಯ ಮೇಲಿಟ್ಟು ಅವರ ಕೈಗೇ ಕೊಡುತ್ತಾರೆ, ಆ ಅಂಕಿಯನ್ನು ಮತ್ತೆ ಯಾರಿಗೂ ಕೊಡುವುದಿಲ್ಲ. ತಪ್ಪು ಸಾಮಾನಿಗೆ ಅಂಕಿ ಹೊಡೆದು ಸಿಕ್ಕಿಬಿದ್ದರೆ ಪೆಟ್ಟಿಗೆ ಇಲ್ಲ. ಅಚ್ಚನ್ನು ಗರಗಸದಲ್ಲಿ ಎರಡು ತುಂಡು ಮಾಡಿ ಗುಜರಿಗೆ ಹಾಕುತ್ತಾರೆ. ಅಷ್ಟೇ ಅಲ್ಲ, ಹೊಡೆದ ಅಂಕಿಯನ್ನು ರದ್ದು ಮಾಡಬೇಕಾದವರೂ ಅವರೇ. ಒಬ್ಬರ ಅಂಕಿಯ ಮೇಲೆ ಇನ್ನೊಬ್ಬರು ಸುತ್ತಿಗೆ ಎತ್ತುವಂತಿಲ್ಲ. ಪ್ರತಿಯೊಂದು ಸಾಮಾನಿನ ಹತ್ತಿರ ತಾವೇ ಹೋಗಿ, ತಮ್ಮ ಅಂಕಿಯ ಮೇಲೆ ತಮ್ಮ ಕೈಯಿಂದಲೇ ಅಡ್ಡ ಗುರುತು ಹೊಡೆಯಬೇಕು. ಉಳಿದವರು ನಿಂತು ನೋಡುತ್ತಾರೆ. ಯಾರೂ ಏನೂ ಅನ್ನುವುದಿಲ್ಲ, ಅದೇ ಕಷ್ಟ.

ಸಂಜೆ ಮನೆಗೆ ಹೋದರೆ ದೊಡ್ಡಮ್ಮ ಸ್ಟೂಲು ಹತ್ತಿ ನಿಂತು ಹಜಾರದ ಶೆಲ್ಫು ಖಾಲಿ ಮಾಡುತ್ತಿದ್ದಳು.

“ಏನು ಮಾಡ್ತಿದೀಯ? ಬಿದ್ದು ಸೊಂಟ ಮುರ್ಕೊಳ್ತೀಯ.”

“ನಿಮ್ಮ ದೊಡ್ಡಪ್ಪನ ಪೆಟ್ಟಿಗೆಗೆ ಜಾಗ ಮಾಡ್ತಿದೀನಿ. ನಡುವೆ ಇಡಬೇಕು. ಬಂದೋರಿಗೆ ಬಾಗಿಲಿಂದಲೇ ಕಾಣಬೇಕು.” ದೊಡ್ಡಮ್ಮ ಕೆಳಗಿಳಿದು ದೂರ ನಿಂತು ನೋಡಿದಳು. “ಮದುವೆಯಾಗಿ ಮೂವತ್ತೆಂಟು ವರ್ಷ ಆಯ್ತು. ಈ ಮನುಷ್ಯ ನನ್ನ ಅಡುಗೆಗೆ ಒಂದು ದಿನ ಸರಿಯಾಗಿದೆ ಅಂದಿಲ್ಲ. ನೋಡ್ತೀನಿ, ನೋಡ್ತೀನಿ ಅಂತಾನೇ ಪೂರ್ತಿ ತಿಂದು ಏಳ್ತಾರೆ. ಅಂಥೋರು ಸರಿ ಅಂದ ಸಾಮಾನು ಅಂದ್ರೆ ಅದು ಹೇಗಿರಬೇಕು ಯೋಚ್ನೆ ಮಾಡು.”

ದೊಡ್ಡಪ್ಪ ಒಳಗಿನಿಂದಲೇ “ಉಪ್ಪು ಕಡಿಮೆ ಇದ್ರೆ ಹೇಗೆ ಸರಿ ಅನ್ನೋದು?” ಎಂದರು. ದೊಡ್ಡಮ್ಮ ಬಟ್ಟೆ ಎಸೆದಳು. ಗುಬ್ಬಿ ನಗುವ ಹಾಗೆ ಮಾಡಿ ಕೈ ತೊಳೆಯಲು ಹೋದಳು.

ಮರುದಿನ ಬೆಳಿಗ್ಗೆ ಅವಳು ವರದಿ ಬರೆದಳು. ದೋಷ: ಕುತ್ತಿಗೆಯಲ್ಲಿ ಬಿರುಕು. ಕಾರಣ: ತಯಾರಿಕೆಯ ದೋಷ. ಆರು ವರ್ಷದ ಕೆಲಸದಲ್ಲಿ ಅವಳು ಬರೆದ ಮೊದಲ ಸುಳ್ಳು ಅದು. ಅಕ್ಷರ ಮಾತ್ರ ಎಂದಿನಂತೆ ದುಂಡಗೆ ಬಂದವು.

ಇಲ್ಲಿ ಒಂದು ಫಜೀತಿ ಇತ್ತು. ಒಳಬರುವ ಸಾಮಾನಿನ ದೋಷ ವರದಿಗೆ ಹಿರಿಯ ತಪಾಸಕರ ರುಜು ಬೇಕು, ಆ ಹಿರಿಯ ತಪಾಸಕರು ದೊಡ್ಡಪ್ಪನೇ. ತಯಾರಿಕೆಯ ದೋಷ ಎಂದು ಓದಿದರೆ ಬೇಸರದಿಂದ ತಲೆಯಾಡಿಸಿ ರುಜು ಹಾಕುತ್ತಾರೆ, ಅಷ್ಟೇ ತಾನೆ ಎಂದುಕೊಂಡು ಗುಬ್ಬಿ ಕಾಗದವನ್ನು ಅವರ ಮೇಜಿನ ಮೇಲಿಟ್ಟಳು. ಅವರು ರುಜು ಹಾಕುವ ಮೊದಲು ಏನು ಮಾಡುತ್ತಾರೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೂ ಇಟ್ಟಳು. ಪ್ರೀತಿಯಲ್ಲಿ ಮನುಷ್ಯರಿಗೆ ಬುದ್ಧಿ ಮಂಕಾಗುತ್ತದೆ.

ದೊಡ್ಡಪ್ಪ ವರದಿ ಓದಿದರು. ಭೂತಗನ್ನಡಿ ಜೇಬಿಗೆ ಹಾಕಿಕೊಂಡರು. “ಬಾ, ನೋಡೋಣ” ಎಂದು ಎದ್ದರು.

ದೋಷವಿರುವ ಸಾಮಾನು ಇಡುವುದಕ್ಕೆ ಉಗ್ರಾಣದ ಮೂಲೆಯಲ್ಲಿ ತಂತಿ ಬಲೆಯ ಒಂದು ಕೋಣೆಯಿತ್ತು. ಅದಕ್ಕೆ ಎರಡು ಬೀಗ, ಎರಡು ಕೀಲಿ ಇಬ್ಬರ ಹತ್ತಿರ. ಖಾಲಿ ಇದ್ದಾಗ ತೆರೆದೇ ಇರುತ್ತಿತ್ತು, ಸಾಮಾನಿಟ್ಟು ಬೀಗ ಒತ್ತಿದ ಮೇಲೆ ಇಬ್ಬರೂ ಬಂದರೆ ಮಾತ್ರ ಬಾಗಿಲು ತೆರೆಯುವುದು. ಒಂದು ದೊಡ್ಡಪ್ಪನ ಹತ್ತಿರ, ಇನ್ನೊಂದು ಗುಬ್ಬಿಯ ಹತ್ತಿರ. ಇಬ್ಬರೂ ಬೀಗ ತೆಗೆದರು. ಒಳಗೆ ಪಿನ್ನುಗಳು ಕೆಂಪು ಚೀಟಿ ಕಟ್ಟಿಕೊಂಡು ಸಾಲಾಗಿ ಮಲಗಿದ್ದವು.

ದೊಡ್ಡಪ್ಪ ಮಂಡಿಯೂರಿ ಕೂತರು. ಮೊಣಕಾಲು ನೋವಿನವರು, ಕೂರುವುದಕ್ಕೇ ಒಂದು ನಿಮಿಷ ಬೇಕಾಯಿತು. ಭೂತಗನ್ನಡಿ ಹಿಡಿದು ನೋಡಿದರು. ಮುಂದಿನ ಪಿನ್ನು ನೋಡಿದರು. ಅದರ ಮುಂದಿನದು. ಮತ್ತೆ ಮೊದಲನೆಯದಕ್ಕೆ ಬಂದರು.

“ಗುಬ್ಬೀ.”

“ಹ್ಞೂ, ದೊಡ್ಡಪ್ಪ.”

“ಈ ಗೆರೆ ಎಲ್ಲಿಂದ ಹೊರಟಿದೆ?”

ಗುಬ್ಬಿಯ ಕಣ್ಣಲ್ಲಿ ನೀರು ತುಂಬಿತು.

“ನಿನಗೆ ಗೊತ್ತಾಗಿದೆ. ಗೊತ್ತಾಗದೆ ಇರೋ ಹಾಗೆ ನಿನಗೆ ನಾನು ಕಲಿಸಿಲ್ಲ.” ಅವರ ದನಿ ಏರಲಿಲ್ಲ. ಬೆರಳಿನಿಂದ ಅಂಕಿಯನ್ನು ಸವರಿದರು. “ಅಪ್ಪನ ಅಚ್ಚು. ಏಳು ಸೊಟ್ಟ ಇದೆ ನೋಡು. ಅಯ್ಯೋ, ನಾನು ಎಂಥಾ ಕೆಲಸ ಮಾಡಿಬಿಟ್ಟೆ.”

ಹಾಗೇ ನೆಲದ ಮೇಲೆ ಕೂತು ಅವರು ಹೇಳಿದರು. ಎಂಟು ತಿಂಗಳ ಹಿಂದೆ ಚುಕ್ಕಿ ಅಚ್ಚು ಸವೆದು ಅಂಕಿ ಮಸುಕಾಗಿ ಬೀಳುತ್ತಿತ್ತು. ಸರಿ ಮಾಡಿಸಲು ಮೂರು ದಿನ ಕಾರ್ಯಾಗಾರಕ್ಕೆ ಕೊಟ್ಟಿದ್ದರು. ಆ ಹೊತ್ತಿಗೇ ಪಿನ್ನುಗಳು ಬಂದವು. ಗೇಟಿನ ಹೊರಗೆ ಲಾರಿಗಳ ಸಾಲು, ಚಾಲಕರ ಗಲಾಟೆ. ಪಿನ್ನುಗಳ ತಲೆಯೆಲ್ಲ ಮರದ ಚೌಕಟ್ಟಿನೊಳಗೆ ಹುದುಗಿತ್ತು, ಹೊರಗೆ ಕಾಣುತ್ತಿದ್ದದ್ದು ಕುತ್ತಿಗೆಯಿಂದ ಕೆಳಗೆ. ಒಂದೊಂದನ್ನೂ ಎತ್ತಿ ಹೊರಗಿಟ್ಟು ಅಂಕಿ ಹೊಡೆಯುವುದೆಂದರೆ ಎರಡು ದಿನದ ಕೆಲಸ. ಅಳತೆ ಎಲ್ಲ ಸರಿಯಾಗಿಯೇ ನೋಡಿದ್ದರು, ಕಾಗದ ಎಲ್ಲ ಸರಿಯಾಗಿಯೇ ಇದ್ದವು. ಅಂಕಿ ತಾನೇ, ಎಲ್ಲಿ ಬಿದ್ದರೇನು ಎಂದು ಖಾನೆಯಿಂದ ಅಪ್ಪನ ಅಚ್ಚು ತೆಗೆದರು. ಬಾಯ್ಲರ್ ಕಾರ್ಖಾನೆಯಲ್ಲಿ ಅಪ್ಪ ಕಣ್ಣಿಗೆ ಎದ್ದು ಕಾಣುವ ಕಡೆಯೇ ಹೊಡೆಯುತ್ತಿದ್ದರು. ಅಲ್ಲಿಯ ದಪ್ಪ ತಗಡಿಗೆ ಅದು ನಡೆಯುತ್ತಿತ್ತು.

“ಖುಷಿಯಾಗಿತ್ತು ಕಣೇ ಅವತ್ತು,” ಎಂದರು. “ಅಪ್ಪನ ಅಚ್ಚು ಹಿಡಿದು ಕೆಲಸ ಮಾಡ್ತಿದೀನಿ ಅಂತ. ಒಂದೊಂದು ಪೆಟ್ಟಿಗೂ ಖುಷಿ.”

ಗುಬ್ಬಿಗೆ ತಡೆಯಲಾಗಲಿಲ್ಲ. “ಪಿನ್ನು ಎಲ್ಲ ತೆಗೆಸ್ತಾರೆ ದೊಡ್ಡಪ್ಪ. ಒಂದೂ ಉಳಿಯಲ್ಲ. ಕಾರಣ ಏನು ಬರೆದರೆ ಏನಾಗುತ್ತೆ? ದೊಡ್ಡಮ್ಮ ಶೆಲ್ಫು ಖಾಲಿ ಮಾಡಿ ಕಾಯ್ತಿದಾಳೆ. ನೀವು ಸುಮ್ಮನೆ ರುಜು ಹಾಕಿ. ನನಗೋಸ್ಕರ ಹಾಕಿ.”

ದೊಡ್ಡಪ್ಪ ಅವಳನ್ನು ನೋಡಿದರು. ಕೋಪ ಬಂದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಕೋಪವಿರಲಿಲ್ಲ.

“ಕಾರಣದ ಕಾಲಂ ಯಾತಕ್ಕಿದೆ ಹೇಳು.”

“ಯಾರ ತಪ್ಪು ಅಂತ ಹೇಳೋಕೆ.”

“ಅಲ್ಲ. ಇನ್ನೂ ಎಲ್ಲೆಲ್ಲಿ ಹುಡುಕಬೇಕು ಅಂತ ಹೇಳೋಕೆ. ತಯಾರಿಕೆಯ ದೋಷ ಅಂತ ನೀನು ಬರೆದರೆ ಎಲ್ಲರೂ ಆ ಕಾರ್ಖಾನೆ ಸಾಮಾನು ಹುಡುಕ್ತಾರೆ. ಆ ಮೂರು ದಿನ ನಾನು ಈ ಅಚ್ಚಿನಿಂದ ಇನ್ನೇನು ಹೊಡೆದೆ ಅಂತ ಯಾರಿಗೆ ಗೊತ್ತು?” ಅವರು ಬೆರಳು ಮಡಚಿದರು. “ಪಂಪಿನ ಮನೆಯ ಇಪ್ಪತ್ತನಾಲ್ಕು ಕೊಂಡಿ. ಅವೂ ಇಂಥದೇ ಗಟ್ಟಿ ಉಕ್ಕು, ಬೇರೆ ಕಾರ್ಖಾನೆದು. ಕೊಳವೆಗೆ ನೀರು ಕಳಿಸೋ ಪಂಪನ್ನ ನೆಲಕ್ಕೆ ಹಿಡಿದಿರೋದೇ ಅವು. ನಿನ್ನ ವರದಿ ಓದಿದೋರು ಯಾರೂ ಅವುಗಳ ಹತ್ತಿರ ಹೋಗ್ತಿರಲಿಲ್ಲ.”

ಪಂಪಿನ ಮನೆಯ ಕೊಂಡಿಗಳು ಗುಬ್ಬಿಯ ತಲೆಗೆ ಬಂದೇ ಇರಲಿಲ್ಲ. ಯಾರಿಗೂ ತೊಂದರೆ ಇಲ್ಲ ಎಂದು ಎಷ್ಟು ಸುಲಭವಾಗಿ ನಂಬಿಬಿಟ್ಟಿದ್ದಳು. ತನ್ನ ದುಂಡಗಿನ ಅಕ್ಷರಗಳನ್ನು ನೆನೆದು ಅವಳಿಗೆ ನಾಚಿಕೆಯಾಯಿತು, ಭಯವೂ ಆಯಿತು.

“ತಪ್ಪಾಯ್ತು ದೊಡ್ಡಪ್ಪ.”

“ಇಬ್ಬರದೂ ಆಯ್ತು,” ಎಂದು ಅವರು ಕೈ ಚಾಚಿದರು. “ಎಬ್ಬಿಸು ನನ್ನ. ಹೊಸ ಫಾರಂ ತಗೊಂಡು ಬಾ.”

ಹೊಸ ವರದಿ ನೋಡಿ ಮ್ಯಾನೇಜರು ಆಯ್ತಪ್ಪ ಎನ್ನಲಿಲ್ಲ. ಕಾಗದವನ್ನು ಎರಡು ಸಲ ಓದಿ, ಎದ್ದು ಬಂದು ದೊಡ್ಡಪ್ಪನ ಭುಜದ ಮೇಲೆ ಕೈಯಿಟ್ಟರು. ಅವರ ಮುಖ ಸಣ್ಣದಾಗಿತ್ತು. ಕೆಲಸ ಕಲಿಸಿದವರ ಮುಂದೆ ಮತ್ತೊಮ್ಮೆ ಪಾಠ ತಪ್ಪಿದ ಹಾಗಾಗಿತ್ತು ಅವರಿಗೆ.

ಪಂಪಿನ ಮನೆಯ ಇಪ್ಪತ್ತನಾಲ್ಕು ಕೊಂಡಿಗಳಲ್ಲಿ ಮೂರರಲ್ಲಿ ಬಿರುಕು ಸಿಕ್ಕಿತು.

ಅಂಕಿ ರದ್ದು ಮಾಡುವ ಕೆಲಸ ಸೋಮವಾರ ಶುರುವಾಯಿತು. ಮೊದಲ ದಿನ ಉಗ್ರಾಣದ ಮೂವತ್ತಾರು, ಎರಡನೇ ದಿನ ಪಂಪಿನ ಮನೆಯ ಕೊಂಡಿಗಳು. ಗೋಡೆಗೆ ಹಾಕಿದ್ದ ಅರವತ್ತಕ್ಕೆ ಮೂರು ದಿನ. ಕಟ್ಟಡದ ಒಳಗೆ ಕಬ್ಬಿಣದ ಅಟ್ಟಣಿಗೆ ಕಟ್ಟಿದ್ದರು. ಮೊಣಕಾಲು ನೋವಿನ ಮನುಷ್ಯ ಒಂದೊಂದೇ ಮೆಟ್ಟಿಲು ಹತ್ತಬೇಕು. ಗುಬ್ಬಿ ಹಿಂದಿನಿಂದ ದೀಪ ಹಿಡಿದು ಬರುತ್ತಿದ್ದಳು. ಇವರು ಬರುವುದನ್ನು ಕಂಡು ಬೆಸುಗೆಯವರು ಕೆಲಸ ನಿಲ್ಲಿಸಿ ದಾರಿ ಬಿಡುತ್ತಿದ್ದರು. ಎಂದೋ ಒಂದು ದಿನ ‘ಹದಿನೇಳು ಇದೆಯಾ, ಏರಿಸು’ ಎಂದಿದ್ದ ಫಿಟ್ಟರು ಈಗ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ. “ನಾವೂ ತಿರುಗಿಸಿ ನೋಡ್ಬೇಕಿತ್ತು ಯಜಮಾನ್ರೇ,” ಎಂದ. “ತಲೆ ಮೇಲೆ ಇರಬೇಕಾದ ಅಂಕಿ ಕುತ್ತಿಗೆ ಮೇಲಿದೆ ಅಂತ ನಮಗೂ ಗೊತ್ತಾಗ್ಬೇಕಿತ್ತು.”

“ಇನ್ಮೇಲೆ ನೋಡು,” ಎಂದರು ದೊಡ್ಡಪ್ಪ. “ಯಾರ ಅಂಕಿ ಆದ್ರೂ ನೋಡು.”

ಕೊನೆಯ ಪಿನ್ನು ಎಲ್ಲಕ್ಕಿಂತ ಮೇಲಿತ್ತು. ಶುಕ್ರವಾರ ಹನ್ನೊಂದು ಗಂಟೆಗೆ ಇಬ್ಬರೂ ಅಲ್ಲಿಗೆ ಮುಟ್ಟಿದರು. ಅಷ್ಟು ಹೊತ್ತಿಗೆ ಐದು ದಿನ ಸುತ್ತಿಗೆ ಹಿಡಿದ ಕೈ ದೊಡ್ಡಪ್ಪನ ಮಾತು ಕೇಳುತ್ತಿರಲಿಲ್ಲ. ಎಡಗೈಯಲ್ಲಿ ಅಡ್ಡ ಗುರುತಿನ ಅಚ್ಚು ಹಿಡಿದರೆ ಅಚ್ಚು ನಡುಗುತ್ತಿತ್ತು, ಅಂಕಿಯ ಮೇಲೆ ನಿಲ್ಲದೆ ಪಕ್ಕಕ್ಕೆ ಜಾರುತ್ತಿತ್ತು. ಎರಡು ಸಲ ಇಟ್ಟರು, ಎರಡು ಸಲ ತೆಗೆದರು.

“ಕೊಡಿ, ನಾನು ಹಿಡ್ಕೊಳ್ತೀನಿ,” ಎಂದಳು ಗುಬ್ಬಿ. “ಸುತ್ತಿಗೆ ನೀವೇ ಹೊಡೀರಿ. ನಿಯಮ ಏನೂ ತಪ್ಪಲ್ಲ.”

“ಬೇಡ. ಕೈ ಸರಿಯಿಲ್ಲ ನಂದು. ನಿನ್ನ ಬೆರಳಿಗೆ ಬಿದ್ರೆ?”

“ಬಿದ್ರೆ ಬೀಳಲಿ. ಹಳೇದೊಂದು ಬಾಕಿ ಇದೆಯಲ್ಲ ನಮ್ಮಿಬ್ಬರಿಗೆ.”

ದೊಡ್ಡಪ್ಪ ತಮ್ಮ ಸೀಳು ಉಗುರು ನೋಡಿಕೊಂಡು ನಕ್ಕರು. ಆ ವಾರದಲ್ಲಿ ಅವರು ನಕ್ಕದ್ದು ಅದೇ ಮೊದಲು. ಗುಬ್ಬಿ ದೀಪವನ್ನು ಕೊಕ್ಕೆಗೆ ಸಿಕ್ಕಿಸಿ, ಅಚ್ಚನ್ನು ಎರಡು ಬೆರಳಲ್ಲಿ ಹಿಡಿದು, ಅಂಕಿಯ ನಡುವೆ ನೆಟ್ಟಗೆ ನಿಲ್ಲಿಸಿದಳು. ದೊಡ್ಡಪ್ಪ ಸುತ್ತಿಗೆ ಎತ್ತಿದರು. ಅವಳಿಗೆ ತಿಳಿಯದೆಯೇ ಅವಳ ಕಣ್ಣು ಮುಚ್ಚಿಕೊಂಡಿತು.

“ಕಣ್ಣು ಬಿಡು,” ಎಂದರು ದೊಡ್ಡಪ್ಪ.

ಗುಬ್ಬಿ ಕಣ್ಣು ಬಿಟ್ಟಳು. ಪೆಟ್ಟು ಬಿತ್ತು. ಬೆರಳಿಗೆ ಬೀಳಲಿಲ್ಲ. ದೊಡ್ಡಪ್ಪ ತೋಳಿನಿಂದ ಧೂಳು ಒರೆಸಿ, ಭೂತಗನ್ನಡಿ ಹಿಡಿದು ಬಗ್ಗಿ ನೋಡಿ, “ಸರಿಯಾಗಿದೆ” ಎಂದರು. ನೋಡ್ತೀನಿ ಎನ್ನಲಿಲ್ಲ, ಸರಿಯಾಗಿದೆ ಎಂದರು. ಆಮೇಲೆ ಅಟ್ಟಣಿಗೆಯ ಹಲಗೆಯ ಮೇಲೆ ಕೂತು ಭೂತಗನ್ನಡಿಯನ್ನು ಮಡಚಿ ಅವಳ ಜೇಬಿಗೆ ಹಾಕಿದರು. ಅವಳು ಬೇಡ ಎನ್ನಲು ಬಾಯಿ ತೆರೆದಳು, ಅಳು ಬಂತು. ಅವರು ಅವಳ ಬೆನ್ನು ಸವರುತ್ತ ಕೂತಿದ್ದರು. ಕೆಳಗೆ ಯಾರೋ ಬೆಸುಗೆ ಮತ್ತೆ ಶುರು ಮಾಡಿದರು.

ಅಜ್ಜನ ಅಚ್ಚೂ ದೊಡ್ಡಪ್ಪನ ಚುಕ್ಕಿ ಅಚ್ಚೂ ಅಂದೇ ಮಧ್ಯಾಹ್ನ ಗರಗಸಕ್ಕೆ ಹೋದವು.

ನಿವೃತ್ತಿಯ ದಿನ ಭಾಷಣ ಇತ್ತು, ಕಾಫಿ ಇತ್ತು, ಪೆಟ್ಟಿಗೆ ಇರಲಿಲ್ಲ. ಮ್ಯಾನೇಜರು ಮಾತಾಡಲು ನಿಂತು ಎರಡು ವಾಕ್ಯ ಹೇಳಿ, ಕನ್ನಡಕ ತೆಗೆದು ಕೂತುಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ದೊಡ್ಡಪ್ಪ ಎಲ್ಲರ ಕೈ ಕುಲುಕಿ, ತಮ್ಮ ಖಾನೆ ಖಾಲಿ ಮಾಡಿ, ಒಂದು ಉದ್ದ ಲಕೋಟೆ ಮಾತ್ರ ಹಿಡಿದುಕೊಂಡು ಗುಬ್ಬಿಯ ಜೊತೆ ಬಸ್ಸು ಹತ್ತಿದರು.

ದೊಡ್ಡಮ್ಮನಿಗೆ ಎಲ್ಲ ಮೊದಲೇ ಗೊತ್ತಿತ್ತು. ದೊಡ್ಡಪ್ಪ ಆ ಸೋಮವಾರವೇ ಹೇಳಿದ್ದರು. ಅವಳು ಆ ರಾತ್ರಿ ಊಟ ಮಾಡಿರಲಿಲ್ಲ, ಮರುದಿನದಿಂದ ಶೆಲ್ಫಿನ ಮಾತೇ ಎತ್ತಿರಲಿಲ್ಲ. ಆದರೆ ಅಲ್ಲಿ ಬೇರೆ ಏನನ್ನೂ ಇಟ್ಟಿರಲಿಲ್ಲ. ಧೂಳು ಕೂತ ಹಾಗೆ ಒರೆಸುತ್ತಿದ್ದಳು, ಅಷ್ಟೇ.

ದೊಡ್ಡಪ್ಪ ಲಕೋಟೆಯನ್ನು ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದರು. ದೊಡ್ಡಮ್ಮ ಅದನ್ನು ಬಿಡಿಸಿದಳು. ಒಳಗಿದ್ದದ್ದು ದೋಷ ವರದಿಯ ಕಾರ್ಬನ್ ಪ್ರತಿ, ತಪಾಸಕರು ತಮಗೆಂದು ಇಟ್ಟುಕೊಳ್ಳುವ ಪ್ರತಿ. ಅವಳ ಕನ್ನಡಕ ಎಲ್ಲೋ ಇತ್ತು.

“ಏನಿದು, ಓದು ಸ್ವಲ್ಪ,” ಎಂದು ಗುಬ್ಬಿಯ ಕೈಗೆ ಕೊಟ್ಟಳು.

ಗುಬ್ಬಿ ಓದಿದಳು. “ದೋಷ, ಕುತ್ತಿಗೆಯಲ್ಲಿ ಬಿರುಕು. ಕಾರಣ, ಚೂಪು ಅಚ್ಚಿನಿಂದ ತಪ್ಪು ಜಾಗದಲ್ಲಿ ಹೊಡೆದ ಅಂಕಿ. ಹೊಡೆದವರು, ಹದಿನೇಳು.” ಅಷ್ಟನ್ನು ಅವಳೇ ಬರೆದದ್ದು, ದುಂಡಗಿನ ಅಕ್ಷರ. ಕೊನೆಯ ಸಾಲನ್ನು ಅವಳು ಖಾಲಿ ಬಿಟ್ಟಿದ್ದಳು, ತನ್ನ ಅಂಕಿಯನ್ನು ಅಲ್ಲಿ ಹಾಕಲು ಅವಳಿಗೆ ಕೈ ಬಂದಿರಲಿಲ್ಲ. ಈಗ ಅಲ್ಲಿ ದೊಡ್ಡಪ್ಪನ ಅಕ್ಷರವಿತ್ತು, ಒತ್ತಿ ಬರೆದದ್ದು, ಕಾರ್ಬನ್ನಿನಲ್ಲೂ ಕಪ್ಪಗೆ ಮೂಡಿತ್ತು. ಅವಳಿಗೆ ಓದಲು ಸ್ವಲ್ಪ ಹೊತ್ತು ಹಿಡಿಯಿತು. “ಕಂಡುಹಿಡಿದವರು, ನಲವತ್ತಮೂರು.”

ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು.

“ಎರಡೂ ಅಂಕಿ ನಮ್ಮ ಮನೆಯವೇ ಅಲ್ವೇನೇ,” ಎಂದಳು ದೊಡ್ಡಮ್ಮ.

ಕಾಗದವನ್ನು ಗುಬ್ಬಿಯ ಕೈಯಿಂದ ತೆಗೆದುಕೊಂಡು, ಸೀರೆಯ ಸೆರಗಿನಿಂದ ಒಮ್ಮೆ ಒರೆಸಿ, ಶೆಲ್ಫಿನ ನಡುವೆ, ಬಾಗಿಲಿನಿಂದ ಕಾಣುವ ಹಾಗೆ ಇಟ್ಟಳು.